ಟರ್ಬೊ ಕಾರಿಗೆ ಯಾವ ಸ್ಪಾರ್ಕ್ ಪ್ಲಗ್? ಮನೆಯಲ್ಲೇ ಬದಲಿಸಬೇಕೆ, ಗ್ಯಾರೇಜಿಗೆ ಕೊಡಬೇಕೆ?

ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾದ 1.0 ಟಿಎಸ್‌ಐ, ಹ್ಯುಂಡೈ ಮತ್ತು ಕಿಯಾದ 1.0 ಟಿ-ಜಿಡಿಐ, ಟಾಟಾ ನೆಕ್ಸಾನ್‌ನ 1.2, ಮಾರುತಿ ಫ್ರಾಂಕ್ಸ್‌ನ ಬೂಸ್ಟರ್‌ಜೆಟ್, ನಿಸಾನ್ ಮ್ಯಾಗ್ನೈಟ್‌ನ 1.0 ಟರ್ಬೊ. ಮೂರು ಸಿಲಿಂಡರಿನ ಈ ಪುಟ್ಟ ಇಂಜಿನ್‌ಗಳು ನಮ್ಮ ರಸ್ತೆಗಳಲ್ಲಿ ತುಂಬಿಹೋಗಿವೆ. ಇವುಗಳಲ್ಲಿ ಅನೇಕವು ಮೊದಲ ಸಲ ಸ್ಪಾರ್ಕ್ ಪ್ಲಗ್ ಬದಲಿಸುವ ಹಂತಕ್ಕೆ ಬಂದಿವೆ. ಅಂಗಡಿಗೆ ಹೋದರೆ ಒಂದೇ ಕಾರಿಗೆ ನಾಲ್ಕು ಬಗೆಯ ಪ್ಲಗ್ ಎದುರಿಗಿಡುತ್ತಾರೆ, ಬೆಲೆ ಒಂದಕ್ಕೊಂದು ನಾಲ್ಕು ಪಟ್ಟು ವ್ಯತ್ಯಾಸ. ಅದರ ಜತೆಗೆ ಇನ್ನೊಂದು ಪ್ರಶ್ನೆ: ಕೆಲಸ ಮನೆಯಲ್ಲೇ ಮಾಡಿಕೊಳ್ಳಬಹುದೇ, ಅಥವಾ ಸರ್ವಿಸ್ ಸೆಂಟರ್‌ಗೇ ಬಿಡಬೇಕೇ?

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಟರ್ಬೊ ಇಂಜಿನ್‌ನಲ್ಲಿ ಪ್ಲಗ್ ಯಾವ ಲೋಹದ್ದು ಎಂಬುದಕ್ಕಿಂತ ಅದರ ಗ್ಯಾಪ್ (ಕಿಡಿ ಹಾರುವ ಎರಡು ತುದಿಗಳ ನಡುವಿನ ಸಂದಿ) ಎಷ್ಟಿದೆ, ಪ್ಲಗ್ ಅನ್ನು ಎಷ್ಟು ಬಿಗಿದಿದ್ದೀರಿ ಎಂಬುದು ದೊಡ್ಡದು. ಅತ್ಯಂತ ದುಬಾರಿ ಇರಿಡಿಯಂ ಪ್ಲಗ್ ತಂದು ಕೈ ಅಂದಾಜಿನಲ್ಲಿ ಬಿಗಿಯುವುದಕ್ಕಿಂತ, ಕಂಪನಿ ಹೇಳಿದ ಸಾಧಾರಣ ಪ್ಲಗ್ ತಂದು ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿಯಾಯಿತೆಂದು ಅಳೆದು ತೋರಿಸುವ ಸ್ಪ್ಯಾನರ್) ಬಿಗಿಯುವುದು ಮೇಲು.

ಟರ್ಬೊದಲ್ಲಿ ಪ್ಲಗ್‌ಗೆ ಕಷ್ಟ ಏಕೆ

ಟರ್ಬೊ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್‌ನ ಎರಡು ತುದಿಗಳ ನಡುವೆ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು. ಹಾಗಾಗಿಯೇ ಟರ್ಬೊ ಇಲ್ಲದ ಇಂಜಿನ್‌ಗಳಲ್ಲಿ 1.0ರಿಂದ 1.1 ಮಿ.ಮೀ. ಗ್ಯಾಪ್ ಸಾಮಾನ್ಯವಾಗಿದ್ದರೆ, ಟರ್ಬೊ ಇಂಜಿನ್‌ಗಳಲ್ಲಿ ಅದು ಹೆಚ್ಚಾಗಿ 0.7–0.8 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಪ್ರತಿ ಕಿಡಿಗೂ ತುದಿಯ ಲೋಹ ಕಣಕಣವಾಗಿ ಸವೆಯುತ್ತದೆ, ಗ್ಯಾಪ್ ಅಗಲವಾಗುತ್ತದೆ. ಖಾಲಿ ರಸ್ತೆಯಲ್ಲಿ ಮೆಲ್ಲಗೆ ಹೋಗುವಾಗ ಇದು ಗೊತ್ತೇ ಆಗುವುದಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ಅಂದರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ತುಂಬಿ ಬಂದಾಗ, ಪ್ಲಗ್‌ಗೆ ವಿದ್ಯುತ್ ಒದಗಿಸುವ ಕಾಯಿಲ್ ಕೊಡುವ ವೋಲ್ಟೇಜ್ ಸಾಲದೆ ಕಿಡಿ ತಪ್ಪುತ್ತದೆ. ಕಾರು ಒಂದೆರಡು ಸಲ ಜರ್ಕ್ ಹೊಡೆಯುತ್ತದೆ. ಕೊನೆಗೆ ಚೆಕ್ ಇಂಜಿನ್ ದೀಪ ಹತ್ತಿ, ಸ್ಕ್ಯಾನರ್‌ನಲ್ಲಿ ಪಿ0300, ಪಿ0301, ಪಿ0302 ಮುಂತಾದ ಕೋಡ್ ಕಾಣುತ್ತದೆ. ಕೊನೆಯ ಅಂಕಿ ಯಾವ ಸಿಲಿಂಡರ್ ಎಂದು ಹೇಳುತ್ತದೆ. ಸೊನ್ನೆ ಇದ್ದರೆ ತಪ್ಪು ಒಂದೇ ಸಿಲಿಂಡರಿಗೆ ಸೀಮಿತವಲ್ಲ. ಸವೆದ ಪ್ಲಗ್‌ಗಳನ್ನು ಹಾಗೇ ಓಡಿಸುತ್ತಿದ್ದರೆ ಹೆಚ್ಚುವರಿ ಹೊರೆ ಕಾಯಿಲ್‌ಗಳ ಮೇಲೆ ಬೀಳುತ್ತದೆ. ಒಂದು ಕಾಯಿಲ್ ಸುಟ್ಟರೆ ಅದರ ಬೆಲೆ ಪೂರ್ತಿ ಪ್ಲಗ್ ಸೆಟ್ಟಿನ ಬೆಲೆಯನ್ನು ಮೀರಬಹುದು.

ಆಯ್ಕೆಗೆ ಮುನ್ನ ಅಳತೆಗೋಲು

ಪ್ಲಗ್ ಕೊಳ್ಳುವಾಗ ಕೆಲವು ವಿಷಯಗಳಲ್ಲಿ ಆಯ್ಕೆಯೇ ಇಲ್ಲ: ಥ್ರೆಡ್‌ನ ವ್ಯಾಸ, ಥ್ರೆಡ್‌ನ ಉದ್ದ, ಹೀಟ್ ರೇಂಜ್, ರೆಸಿಸ್ಟರ್ (ರೇಡಿಯೊ ಗದ್ದಲ ತಡೆಯುವ ಒಳಭಾಗ), ಸೀಟು (ಪ್ಲಗ್ ಇಂಜಿನ್‌ಗೆ ಒತ್ತಿ ಕೂರುವ ಅಂಚು). ಇವು ಇಂಜಿನ್ ಕೇಳಿದಂತೆಯೇ ಇರಬೇಕು. ಹಳೆಯ ಇಂಜಿನ್‌ಗಳಲ್ಲಿ 14 ಮಿ.ಮೀ. ಥ್ರೆಡ್, 19 ಮಿ.ಮೀ. ಉದ್ದ, 16 ಮಿ.ಮೀ. ಸಾಕೆಟ್. ಹೊಸ ಟರ್ಬೊಗಳಲ್ಲಿ ಅನೇಕವು 12 ಮಿ.ಮೀ. ಥ್ರೆಡ್, 26.5 ಮಿ.ಮೀ. ಉದ್ದದವು, ಸಾಕೆಟ್ 14 ಮಿ.ಮೀ., ಕೆಲವಕ್ಕೆ 12 ಮೂಲೆಯದು. ಉದ್ದ ಹೆಚ್ಚಾದರೆ ಪ್ಲಗ್‌ನ ತುದಿ ಪಿಸ್ಟನ್ನಿಗೆ ತಾಗಬಹುದು. ಕಡಿಮೆಯಾದರೆ ಹೆಡ್‌ನ (ಪ್ಲಗ್ ಕೂರುವ, ಸಿಲಿಂಡರಿನ ಮೇಲಿನ ಭಾಗದ) ಬರಿದಾದ ಥ್ರೆಡ್‌ಗಳಲ್ಲಿ ಮಸಿ ಕೂತು, ಮುಂದೆ ಸರಿಯಾದ ಪ್ಲಗ್ ಕೂಡ ಇಳಿಯುವುದಿಲ್ಲ.

ಹೀಟ್ ರೇಂಜ್ ಎಂದರೆ ಪ್ಲಗ್ ತನ್ನ ತುದಿಯ ಬಿಸಿಯನ್ನು ಎಷ್ಟು ಬೇಗ ಹೆಡ್‌ಗೆ ದಾಟಿಸುತ್ತದೆ ಎಂಬುದರ ಅಳತೆ. ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಅಂಟಿದ ಮಸಿ ಸುಟ್ಟುಹೋಗದೆ ಪ್ಲಗ್ ಕಟ್ಟಿಕೊಳ್ಳುತ್ತದೆ. 800–850 ಡಿಗ್ರಿ ದಾಟಿದರೆ ಕಿಡಿಗೆ ಮೊದಲೇ ಆ ಕಾದ ತುದಿಯೇ ಮಿಶ್ರಣಕ್ಕೆ ಬೆಂಕಿ ಹಚ್ಚಿಬಿಡಬಹುದು. ಟರ್ಬೊದಲ್ಲಿ ಇದು ಪಿಸ್ಟನ್ ಒಡೆಯುವ ದಾರಿ. ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ಪ್ಲಗ್ ತಯಾರಿಸುವ ಎನ್‌ಜಿಕೆ ಮತ್ತು ಡೆನ್ಸೊ ಕಂಪನಿಗಳಲ್ಲಿ ಹೀಟ್ ರೇಂಜ್‌ನ ಅಂಕಿ ಹೆಚ್ಚಿದಷ್ಟೂ ಪ್ಲಗ್ ತಣ್ಣನೆಯದು, ಅಂದರೆ ಬಿಸಿಯನ್ನು ಬೇಗ ದಾಟಿಸುವಂಥದ್ದು. ಬಾಷ್ ಮತ್ತು ಚಾಂಪಿಯನ್‌ನಲ್ಲಿ ತಿರುಗುಮುರುಗು, ಅಂಕಿ ಹೆಚ್ಚಿದಷ್ಟೂ ಬಿಸಿಯದು. ಎನ್‌ಜಿಕೆಯ 7ನೇ ಅಂಕಿಯ ಬದಲು ಬಾಷ್‌ನ 7 ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಕಂಪನಿ ಬದಲಿಸುವುದಾದರೆ ಆ ಕಂಪನಿಯ ಕ್ಯಾಟಲಾಗ್‌ನಲ್ಲಿ ನಿಮ್ಮ ಕಾರಿನ ಹೆಸರು, ಇಂಜಿನ್, ವರ್ಷ ಹಾಕಿಯೇ ಹುಡುಕಿ.

ಪ್ಲಗ್‌ನ ಸಂಖ್ಯೆಯನ್ನು ಓದಲು ಬಂದರೆ ಅಂಗಡಿಯಲ್ಲಿ ಮೋಸ ಹೋಗುವುದು ಕಡಿಮೆ. ಉದಾಹರಣೆಗೆ ಎನ್‌ಜಿಕೆಯ ಬಿಕೆಆರ್6ಇಐಎಕ್ಸ್-11. ಬಿ ಎಂದರೆ 14 ಮಿ.ಮೀ. ಥ್ರೆಡ್, ಕೆ ಎಂದರೆ 16 ಮಿ.ಮೀ. ಸಾಕೆಟ್, ಆರ್ ಎಂದರೆ ರೆಸಿಸ್ಟರ್, 6 ಹೀಟ್ ರೇಂಜ್, ಇ ಎಂದರೆ 19 ಮಿ.ಮೀ. ಉದ್ದ, ಐಎಕ್ಸ್ ಎಂದರೆ ಇರಿಡಿಯಂ, 11 ಎಂದರೆ 1.1 ಮಿ.ಮೀ. ಗ್ಯಾಪ್. ಕೊನೆಯ ಆ 11 ಕಂಡರೆ ಟರ್ಬೊ ಕಾರಿನವರು ಎಚ್ಚರವಾಗಬೇಕು. ಉಳಿದೆಲ್ಲ ಹೊಂದಿದರೂ ಗ್ಯಾಪ್ ನಿಮ್ಮದಲ್ಲದಿರಬಹುದು.

ಇಷ್ಟು ಹೊಂದಿದ ಮೇಲೆ ಉಳಿಯುವ ನಿಜವಾದ ಆಯ್ಕೆಗಳನ್ನು ನಾಲ್ಕು ಪ್ರಶ್ನೆಗಳಿಂದ ತೂಗಿ: ಎಷ್ಟು ಸಾವಿರ ಕಿ.ಮೀ. ಬಾಳುತ್ತದೆ? ಬೂಸ್ಟ್‌ನಲ್ಲಿ ಎಷ್ಟು ಸುಲಭವಾಗಿ ಕಿಡಿ ಕೊಡುತ್ತದೆ? ಪೂರ್ತಿ ಅವಧಿಗೆ ಕೂಲಿಯೂ ಸೇರಿ ಎಷ್ಟು ಖರ್ಚು? ನಿಮ್ಮ ಕಾರಿನಲ್ಲಿ ಪ್ಲಗ್‌ವರೆಗೆ ಕೈ ಹೋಗುವುದು ಎಷ್ಟು ಕಷ್ಟ? ಕೊನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ಕೆಲವು ಕಾರುಗಳಲ್ಲಿ ಮೇಲಿನ ಪ್ಲಾಸ್ಟಿಕ್ ಕವರ್ ಎತ್ತಿದರೆ ಕಾಯಿಲ್‌ಗಳು ಎದುರಿಗೇ ಇರುತ್ತವೆ. ಕೆಲವದರಲ್ಲಿ ಏರ್ ಫಿಲ್ಟರ್ ಡಬ್ಬಿ, ಗಾಳಿಯ ಪೈಪು ಬಿಚ್ಚದೆ ಕೈ ಇಡಲಾಗದು. ಅಂಥ ಕಾರಿಗೆ ಬಹುಕಾಲ ಬಾಳುವ ಪ್ಲಗ್ಗೇ ಲಾಭ.

ಪ್ಲಗ್‌ಗಳ ಹೋಲಿಕೆ

ನಿಕ್ಕಲ್ ಪ್ಲಗ್. ಅಂಗಡಿಯಲ್ಲಿ ಇದನ್ನು ‘ಕಾಪರ್ ಪ್ಲಗ್’ ಎನ್ನುತ್ತಾರೆ. ಒಳಗಿನ ತಾಮ್ರದ ಕಡ್ಡಿ ಇರಿಡಿಯಂ ಪ್ಲಗ್‌ಗಳಲ್ಲೂ ಇರುತ್ತದೆ; ತುದಿಯಲ್ಲಿರುವುದು ನಿಕ್ಕಲ್ ಮಿಶ್ರಲೋಹ. ನಿಕ್ಕಲ್ ಕರಗುವುದು 1455 ಡಿಗ್ರಿಯಲ್ಲಿ, ಆದ್ದರಿಂದ ತುದಿ ದಪ್ಪವಾಗಿರಬೇಕು. ದಪ್ಪ ತುದಿಗೆ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು. ಟರ್ಬೊದಲ್ಲಿ 15ರಿಂದ 20 ಸಾವಿರ ಕಿ.ಮೀ.ಗೆ ಒಮ್ಮೆ ಬಿಚ್ಚಿ ನೋಡಬೇಕು. ಇದರ ಒಳ್ಳೆಯ ಗುಣವೆಂದರೆ ಅಗ್ಗ, ಗ್ಯಾಪ್ ಹೊಂದಿಸಲು ಸುಲಭ, ಬಡ ಸ್ಥಿತಿಯ ಇಂಜಿನ್‌ನಲ್ಲಿ ಎಣ್ಣೆ ಹತ್ತಿ ಹಾಳಾದರೂ ಹೊಟ್ಟೆ ಉರಿಯುವುದಿಲ್ಲ. ಆದರೆ ಹೊಸ 12 ಮಿ.ಮೀ. ಉದ್ದ ಥ್ರೆಡ್‌ನ ಇಂಜಿನ್‌ಗಳಲ್ಲಿ ಹಲವಕ್ಕೆ ಹೊಂದುವ ನಿಕ್ಕಲ್ ಪ್ಲಗ್ ಸಿಗುವುದೇ ಇಲ್ಲ. ‘ಇದೂ ಕೂರುತ್ತೆ ಸರ್’ ಎಂದು ಬೇರೆ ಉದ್ದದ್ದು ಕೊಟ್ಟರೆ ತೆಗೆದುಕೊಳ್ಳಬೇಡಿ.

ಪ್ಲಾಟಿನಂ. ಕರಗುವ ಬಿಂದು 1768 ಡಿಗ್ರಿ, ನಿಕ್ಕಲ್‌ಗಿಂತ ಹೆಚ್ಚು ಬಾಳುತ್ತದೆ, ಇರಿಡಿಯಂಗಿಂತ ಮೆದು. ಕಂಪನಿಯೇ ಪ್ಲಾಟಿನಂ ಹಾಕಿ ಕಳಿಸಿದ್ದರೆ ಅದನ್ನೇ ಮುಂದುವರಿಸಿ. ಇಲ್ಲದಿದ್ದರೆ ಹೊಸದಾಗಿ ಪ್ಲಾಟಿನಂ ಹುಡುಕಿಕೊಂಡು ಹೋಗಲು ಕಾರಣವಿಲ್ಲ.

ಒಂದೇ ತುದಿಗೆ ಇರಿಡಿಯಂ ಇರುವ ಪ್ಲಗ್. ಎನ್‌ಜಿಕೆಯ ಇರಿಡಿಯಂ ಐಎಕ್ಸ್, ಡೆನ್ಸೊದ ಇರಿಡಿಯಂ ಪವರ್ ಈ ಗುಂಪಿನವು. ಇರಿಡಿಯಂ ಕರಗಲು 2446 ಡಿಗ್ರಿ ಬೇಕು, ಹಾಗಾಗಿ ನಡುವಿನ ತುದಿಯನ್ನು ಐಎಕ್ಸ್‌ನಲ್ಲಿ 0.6 ಮಿ.ಮೀ., ಡೆನ್ಸೊದಲ್ಲಿ 0.4 ಮಿ.ಮೀ.ವರೆಗೆ ಸಣ್ಣಗೆ ಮಾಡಲು ಸಾಧ್ಯವಾಗಿದೆ. ಸೂಜಿಯಂಥ ತುದಿಯಿಂದ ಕಿಡಿ ಸುಲಭವಾಗಿ ಹಾರುತ್ತದೆ, ಬೂಸ್ಟ್‌ನಲ್ಲಿ ಕಾಯಿಲ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಆದರೆ ಎದುರಿನ ಬಾಗಿದ ತುದಿ ಇಲ್ಲಿ ಸಾಧಾರಣ ಲೋಹದ್ದೇ, ಅದು ಬೇಗ ಸವೆಯುತ್ತದೆ. ‘ಇರಿಡಿಯಂ ಎಂದರೆ ಲಕ್ಷ ಕಿ.ಮೀ.’ ಎಂಬ ಮಾತನ್ನು ಈ ಪ್ಲಗ್‌ಗಳಿಗೆ ಅನ್ವಯಿಸಬೇಡಿ. ಟರ್ಬೊದಲ್ಲಿ 40–50 ಸಾವಿರಕ್ಕೆ ಬದಲಿಸುವುದೆಂದು ಇಟ್ಟುಕೊಳ್ಳಿ.

ಎರಡೂ ತುದಿಗೆ ಬೆಲೆಬಾಳುವ ಲೋಹ ಇರುವ ಪ್ಲಗ್. ಎನ್‌ಜಿಕೆಯ ಲೇಸರ್ ಇರಿಡಿಯಂನಲ್ಲಿ ನಡುವೆ ಇರಿಡಿಯಂ, ಎದುರಿಗೆ ಪ್ಲಾಟಿನಂ ಬಿಲ್ಲೆ. ಹೊಸ ಟರ್ಬೊ ಇಂಜಿನ್‌ಗಳಲ್ಲಿ ಅನೇಕವು ಕಾರ್ಖಾನೆಯಿಂದಲೇ ಈ ಬಗೆಯ ಪ್ಲಗ್‌ನೊಂದಿಗೆ ಬರುತ್ತವೆ. ಟರ್ಬೊ ಇಲ್ಲದ ಕಾರಿನಲ್ಲಿ ಒಂದು ಲಕ್ಷ ಕಿ.ಮೀ. ಎಳೆಯುವ ಪ್ಲಗ್ ಇದು. ಟರ್ಬೊದಲ್ಲಿ ಕಾರಿನ ಮ್ಯಾನುಯಲ್ ಹೇಳಿದ ಅವಧಿಯನ್ನೇ ಕೊನೆಯ ಗಡಿ ಎಂದು ತಿಳಿಯಿರಿ. ಡಬ್ಬಿಯ ಮೇಲಿನ ಅಂಕಿಯನ್ನು ನಂಬಿ ಅದನ್ನು ದಾಟಬೇಡಿ.

ರುಥೇನಿಯಂ. ಎನ್‌ಜಿಕೆಯ ರುಥೇನಿಯಂ ಎಚ್‌ಎಕ್ಸ್ ಈ ಸಾಲಿನಲ್ಲಿ ಹೊಸದು. ಕರಗುವ ಬಿಂದು 2334 ಡಿಗ್ರಿ, ಇರಿಡಿಯಂಗೆ ಹತ್ತಿರ. ಬಿಸಿಯಲ್ಲಿ ಆಕ್ಸಿಡೀಕರಣವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಇದರಲ್ಲಿ ಎರಡು ವಿನ್ಯಾಸಗಳಿವೆ. ಪಿಎಸ್‌ಪಿಇ ಎಂಬ ಚೌಕ ಪ್ಲಾಟಿನಂ ಬಿಲ್ಲೆಯದನ್ನು ಟರ್ಬೊ ಮತ್ತು ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳನ್ನು ಮನಸ್ಸಿನಲ್ಲಿಟ್ಟೇ ಮಾಡಿದ್ದಾರೆ. ನಿಮ್ಮ ಇಂಜಿನ್‌ಗೆ ಕ್ಯಾಟಲಾಗ್‌ನಲ್ಲಿದ್ದು, ಲೇಸರ್ ಇರಿಡಿಯಂನ ಬೆಲೆಗೇ ಸಿಕ್ಕರೆ ಹಾಕಿಸಿ. ತರಿಸಿಕೊಳ್ಳಲು ಅರ್ಧದಷ್ಟು ಹೆಚ್ಚು ಕೊಡಬೇಕೆಂದರೆ ಬೇಡ. ದಿನನಿತ್ಯದ ಓಡಾಟದಲ್ಲಿ ವ್ಯತ್ಯಾಸ ನಿಮ್ಮ ಕಾಲಿಗೆ ಗೊತ್ತಾಗುವುದಿಲ್ಲ.

ಒಂದು ಮೆಟ್ಟಿಲು ತಣ್ಣನೆಯ ಪ್ಲಗ್. ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರೀಮ್ಯಾಪ್ ಮಾಡಿಸಿ, ಅಂದರೆ ಅದರ ತಂತ್ರಾಂಶ ತಿದ್ದಿಸಿ, ಬೂಸ್ಟ್ ಏರಿಸಿದವರಿಗೆ ಮಾತ್ರ. ಹೆಚ್ಚುವರಿ 75ರಿಂದ 100 ಅಶ್ವಶಕ್ತಿಗೆ ಒಂದು ಮೆಟ್ಟಿಲು ಎಂಬುದು ಎನ್‌ಜಿಕೆಯ ಸ್ಥೂಲ ಲೆಕ್ಕ. ಪುಟ್ಟ ಮೂರು ಸಿಲಿಂಡರಿನ ರೀಮ್ಯಾಪ್‌ನಲ್ಲಿ ಅಷ್ಟು ಶಕ್ತಿ ಹೆಚ್ಚುವುದೇ ಇಲ್ಲ. ಆದರೂ ಟ್ಯೂನ್ ಮಾಡುವವರು ಸುರಕ್ಷತೆಗೆಂದು ಒಂದು ಮೆಟ್ಟಿಲು ತಣ್ಣನೆಯದು ಹಾಕಿ, ಗ್ಯಾಪ್‌ ಅನ್ನು 0.6–0.7ಕ್ಕೆ ತರುವುದುಂಟು. ಟ್ಯೂನ್ ಮಾಡಿದವರು ಹೇಳಿದ್ದನ್ನೇ ಹಾಕಿ. ರೀಮ್ಯಾಪ್ ಮಾಡಿಸದ ಕಾರಿಗೆ ‘ರೇಸಿಂಗ್ ಪ್ಲಗ್’ ಎಂದು ಇದನ್ನು ಹಾಕಿಸಿದರೆ ಏನಾಗುತ್ತದೆ? ಸಿಲ್ಕ್ ಬೋರ್ಡ್‌ನಂಥ ಟ್ರಾಫಿಕ್‌ನಲ್ಲಿ ತೆವಳುವ ಇಂಜಿನ್‌ನಲ್ಲಿ ತುದಿ ಕಾಯುವುದೇ ಇಲ್ಲ, ಮಸಿ ಕಟ್ಟುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗಲು ತಡವರಿಸುತ್ತದೆ.

ದುಡ್ಡಿನ ಲೆಕ್ಕ

ಬೆಲೆ ಕಾರಿನಿಂದ ಕಾರಿಗೆ ಬೇರೆ, ಆದ್ದರಿಂದ ಲೆಕ್ಕ ಹಾಕುವ ಬಗೆಯನ್ನಷ್ಟೇ ತೋರಿಸುತ್ತೇವೆ. ಮೂರು ಸಿಲಿಂಡರಿನ ಕಾರು, 60 ಸಾವಿರ ಕಿ.ಮೀ. ಓಟ, ಪ್ರತಿ ಸಲದ ಕೂಲಿ ₹500 ಎಂದಿಟ್ಟುಕೊಳ್ಳಿ. ನಿಕ್ಕಲ್ ಪ್ಲಗ್ ಒಂದಕ್ಕೆ ₹250 ಆದರೆ ಸೆಟ್ಟಿಗೆ ₹750. 20 ಸಾವಿರಕ್ಕೊಮ್ಮೆ ಎಂದರೆ ಮೂರು ಸೆಟ್ಟು, ₹2,250, ಜತೆಗೆ ಕೂಲಿ ₹1,500, ಒಟ್ಟು ₹3,750. ಎರಡೂ ತುದಿಗೆ ಬೆಲೆಬಾಳುವ ಲೋಹದ್ದು ಒಂದಕ್ಕೆ ₹1,000 ಆದರೆ ಸೆಟ್ಟಿಗೆ ₹3,000, ಕೂಲಿ ಒಂದೇ ಸಲ, ಒಟ್ಟು ₹3,500. ಅಗ್ಗದ್ದು ಅಗ್ಗವಾಗಿ ಉಳಿಯಲಿಲ್ಲ. ಕೂಲಿ ಕೊಡದೆ ನೀವೇ ಬದಲಿಸಿದರೆ ನಿಕ್ಕಲ್ ₹750 ಉಳಿಸುತ್ತದೆ, ಆದರೆ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್‌ಗಳನ್ನು ಒಂದರ ಬದಲು ಮೂರು ಸಲ ಬಿಚ್ಚಿ ಬಿಗಿದಿರುತ್ತೀರಿ. ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಮಾತ್ರ ಓಡುವ, ಇನ್ನೆರಡು ವರ್ಷದಲ್ಲಿ ಮಾರಲಿರುವ ಕಾರಿಗೆ ಒಂದೇ ತುದಿಯ ಇರಿಡಿಯಂ ಸಾಕಾಗುತ್ತದೆ.

ನಕಲಿ ಪ್ಲಗ್‌ಗಳ ಬಗ್ಗೆ ಇಲ್ಲಿ ಹೇಳಲೇಬೇಕು, ಏಕೆಂದರೆ ದುಬಾರಿ ಪ್ಲಗ್‌ನದ್ದೇ ನಕಲು ಹೆಚ್ಚು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳಿ, ಆನ್‌ಲೈನ್‌ನಲ್ಲಿ ತರಿಸಿ, ಮೊದಲು ಇವನ್ನು ನೋಡಿ. ಅಸಲಿ ಪ್ಲಗ್‌ನ ವಾಷರ್ ಬೆರಳಿನಿಂದ ತಿರುಗಿಸಿದರೆ ಥ್ರೆಡ್ ದಾಟಿ ಸುಲಭವಾಗಿ ಹೊರಬರುವುದಿಲ್ಲ. ನಡುವಿನ ಸಣ್ಣ ತುದಿ ಮತ್ತು ಎದುರಿನ ತುದಿ ನೇರಕ್ಕೆ ನೇರ ಇರಬೇಕು, ಓರೆಯಾಗಿದ್ದರೆ ಅನುಮಾನಿಸಿ. ಪಿಂಗಾಣಿಯ ಮೇಲಿನ ಅಕ್ಷರಗಳು ಚೊಕ್ಕವಾಗಿರಬೇಕು, ಥ್ರೆಡ್ ನುಣುಪಾಗಿರಬೇಕು. ಸೆಟ್ಟಿನ ಎಲ್ಲ ಪ್ಲಗ್‌ಗಳನ್ನೂ ಒಂದೇ ಅಂಗಡಿಯಿಂದ, ಬಿಲ್ ಸಮೇತ ತೆಗೆದುಕೊಳ್ಳಿ.

ಯಾರ ಕೈಗೆ ಕೊಡಬೇಕು

ಕಾರು ವಾರಂಟಿಯಲ್ಲಿದ್ದರೆ ಕಂಪನಿಯ ಸರ್ವಿಸ್ ಸೆಂಟರ್. ಇದರಲ್ಲಿ ಚರ್ಚೆ ಬೇಡ. ಪ್ಲಗ್‌ನಲ್ಲಿ ಉಳಿಸಿದ ಕೆಲವು ನೂರು ರೂಪಾಯಿಗಾಗಿ ನಾಳೆ ಇಂಜಿನ್‌ನ ದೊಡ್ಡ ಕೆಲಸಕ್ಕೆ ತಕರಾರು ಎತ್ತಲು ಅವಕಾಶ ಕೊಡಬಾರದು. ಎಕ್ಸ್‌ಟೆಂಡೆಡ್ ವಾರಂಟಿ ತೆಗೆದುಕೊಂಡವರಿಗೂ ಇದೇ ಮಾತು.

ವಾರಂಟಿ ಮುಗಿದ ಕಾರಿಗೆ ಪರಿಚಯದ ಮೆಕ್ಯಾನಿಕ್ ಒಳ್ಳೆಯ ಆಯ್ಕೆ. ಒಂದು ಷರತ್ತು: ಅವರ ಬಳಿ ಟಾರ್ಕ್ ರೆಂಚ್ ಇರಬೇಕು, ಅದನ್ನು ಬಳಸಬೇಕು. ‘ಕೈಗೆ ಗೊತ್ತಾಗುತ್ತೆ’ ಎನ್ನುವವರ ಕೈ 14 ಮಿ.ಮೀ. ಪ್ಲಗ್‌ನ ಕಾಲದಲ್ಲಿ ಪಳಗಿದ್ದು. 12 ಮಿ.ಮೀ. ಪ್ಲಗ್‌ಗೆ ಬೇಕಾದ ಬಿಗಿ ಅದಕ್ಕಿಂತ ಬಹಳ ಕಡಿಮೆ.

ಮನೆಯಲ್ಲೇ ಮಾಡುವುದು ಯಾರಿಗೆ? ಕವರ್ ತೆಗೆದರೆ ಕಾಯಿಲ್‌ಗಳು ಕಾಣುವ ಕಾರು, ಒಂದು ಬೆಳಗಿನ ಬಿಡುವು, ಉಪಕರಣಕ್ಕೆ ಒಮ್ಮೆ ಖರ್ಚು ಮಾಡುವ ಮನಸ್ಸು, ಈ ಮೂರೂ ಇದ್ದವರಿಗೆ. ಟಾರ್ಕ್ ರೆಂಚ್ ಕೊಳ್ಳುವ ದುಡ್ಡು ಇಲ್ಲವೆಂದರೆ ಮನೆಯ ಕೆಲಸ ಬೇಡ. ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆಗಳು) ಬಿಚ್ಚಬೇಕಾದ ಇಂಜಿನ್ ಆದರೆ, ಅಥವಾ ಪ್ಲಗ್ ಒಮ್ಮೆಯೂ ಬಿಚ್ಚದೆ ಲಕ್ಷ ಕಿ.ಮೀ. ಓಡಿದ ಸೆಕೆಂಡ್ ಹ್ಯಾಂಡ್ ಕಾರಾದರೆ ಗ್ಯಾರೇಜಿಗೇ ಹೋಗಿ. ಹಿಡಿದುಕೊಂಡ ಪ್ಲಗ್ ಒಳಗೇ ಮುರಿದರೆ ಅದನ್ನು ತೆಗೆಯುವ ಸಾಧನ ಮನೆಯಲ್ಲಿರುವುದಿಲ್ಲ.

ಮನೆಯಲ್ಲಿ ಮಾಡುವುದಾದರೆ

ಬೇಕಾದವು: 5ರಿಂದ 50 ನ್ಯೂಟನ್ ಮೀಟರ್‌ವರೆಗೆ ಅಳೆಯುವ ಸಣ್ಣ ಟಾರ್ಕ್ ರೆಂಚ್, ನಿಮ್ಮ ಪ್ಲಗ್‌ಗೆ ಹೊಂದುವ 14 ಅಥವಾ 16 ಮಿ.ಮೀ. ಪ್ಲಗ್ ಸಾಕೆಟ್ (ಒಳಗೆ ಅಯಸ್ಕಾಂತ ಅಥವಾ ರಬ್ಬರ್ ಇರುವುದು), ಉದ್ದ ಎಕ್ಸ್‌ಟೆನ್ಷನ್, ಕಾಯಿಲ್ ಬೋಲ್ಟಿಗೆ 10 ಮಿ.ಮೀ. ಸಾಕೆಟ್ ಅಥವಾ ಟಾರ್ಕ್ಸ್ ಬಿಟ್, ತಂತಿಯ ಗ್ಯಾಪ್ ಗೇಜ್, ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಯಗೊಡದ) ಗ್ರೀಸ್, ಒಂದು ಅಡಿ ರಬ್ಬರ್ ಪೈಪು, ಟಾರ್ಚ್. ದೊಡ್ಡ ಟಾರ್ಕ್ ರೆಂಚ್, ಅಂದರೆ ಚಕ್ರದ ನಟ್ಟಿಗೆ ಬಳಸುವುದು, ಇಲ್ಲಿಗೆ ಆಗದು. ಅದರ ಅಳತೆಯ ಕೆಳತುದಿಯಲ್ಲಿ ನಿಖರತೆ ಇರುವುದಿಲ್ಲ.

ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡದೆಯೇ ಕೆಲಸ ಶುರುಮಾಡಿ. ಬಿಸಿ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತುಕೊಂಡು ಬರುವ ಅಪಾಯವಿದೆ. ಇಗ್ನಿಷನ್ ಆಫ್, ಕೀ ಹೊರಗೆ. ಕಾಯಿಲ್‌ನ ಕನೆಕ್ಟರ್‌ಗಳಲ್ಲಿ ಸಣ್ಣ ಲಾಕ್ ಇರುತ್ತದೆ. ಕೆಲವದರಲ್ಲಿ ಮೊದಲು ಹಿಂದಕ್ಕೆ ಸರಿಸಿ ಆಮೇಲೆ ಒತ್ತಬೇಕು. ವರ್ಷಗಟ್ಟಲೆ ಬಿಸಿ ತಿಂದ ಪ್ಲಾಸ್ಟಿಕ್ ಪುಡಿಯಾಗುತ್ತದೆ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಬೋಲ್ಟ್ ತೆಗೆದು ಕಾಯಿಲನ್ನು ಎಡಬಲಕ್ಕೆ ಸ್ವಲ್ಪ ತಿರುಗಿಸಿ ನೇರ ಮೇಲಕ್ಕೆ ಎಳೆಯಿರಿ. ಓರೆಯಾಗಿ ಎಳೆದರೆ ರಬ್ಬರ್ ಬೂಟ್ ಹರಿದು ಒಳಗೇ ಉಳಿಯುತ್ತದೆ. ಯಾವ ಕಾಯಿಲ್ ಎಲ್ಲಿಯದೆಂದು ಗುರುತು ಹಾಕಿಡಿ.

ಈಗ ಬಿಡಲೇಬಾರದ ಕೆಲಸ: ಪ್ಲಗ್‌ನ ಬಾವಿಯಲ್ಲಿ ಕೂತ ಧೂಳು, ಮರಳನ್ನು ಗಾಳಿ ಊದಿ ತೆಗೆಯುವುದು. ಸೈಕಲ್ ಪಂಪ್ ಸಾಕು. ಮೊದಲು ಊದಿ, ಪ್ಲಗ್ ಕಾಲು ಸುತ್ತು ಸಡಿಲಿಸಿ, ಮತ್ತೆ ಊದಿ, ಆಮೇಲೆ ಪೂರ್ತಿ ಬಿಚ್ಚಿ. ತಿರುಗಿಸುವಾಗ ಗರಗರ ಎಂದು ಗಟ್ಟಿಯಾದರೆ ಬಲ ಹಾಕಬೇಡಿ. ಸ್ವಲ್ಪ ಮರಳಿ ಬಿಗಿದು, ಪೆನಿಟ್ರೇಟಿಂಗ್ ಆಯಿಲ್ ಹನಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು, ಹಿಂದೆ ಮುಂದೆ ಆಡಿಸುತ್ತ ತೆಗೆಯಿರಿ. ತೆರೆದ ರಂಧ್ರಗಳ ಮೇಲೆ ಸ್ವಚ್ಛ ಬಟ್ಟೆ ಹಾಕಿಡಿ. ಒಳಗೆ ಒಂದು ಬೋಲ್ಟ್ ಬಿದ್ದರೆ ಹೆಡ್ ಎತ್ತಬೇಕಾದೀತು.

ಹೊಸ ಪ್ಲಗ್‌ನ ಗ್ಯಾಪ್ ಅಳೆಯಿರಿ. ಇರಿಡಿಯಂ, ಪ್ಲಾಟಿನಂ ಪ್ಲಗ್‌ಗಳು ಗ್ಯಾಪ್ ಹೊಂದಿಸಿಯೇ ಬರುತ್ತವೆ. ನೀವು ಮಾಡುವುದು ಪರೀಕ್ಷೆ ಮಾತ್ರ. ನಾಣ್ಯದ ಆಕಾರದ ಗೇಜನ್ನು ಸಂದಿಗೆ ತೂರಿಸಿ ಅಗಲಿಸಿದರೆ ಸೂಜಿ ತುದಿ ಮುರಿಯುತ್ತದೆ. ಹೊಂದಿಸಲೇಬೇಕಾದರೆ ಎದುರಿನ ಬಾಗಿದ ತುದಿಯನ್ನು ಮಾತ್ರ ಸರಿಸಿ, ನಡುವಿನದನ್ನು ಮುಟ್ಟಬೇಡಿ. ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದ ಪ್ಲಗ್ ಹೊರಗೆ ಚೆನ್ನಾಗಿ ಕಂಡರೂ ಬಳಸಬೇಡಿ. ಒಳಗಿನ ಪಿಂಗಾಣಿ ಸೀಳಿದ್ದರೆ ಅದು ಬೂಸ್ಟ್ ಬಂದಾಗಲೇ ಗೊತ್ತಾಗುವುದು.

ಪ್ಲಗ್‌ನ ಮೇಲ್ತುದಿಗೆ ರಬ್ಬರ್ ಪೈಪು ಸಿಕ್ಕಿಸಿ, ಬೆರಳಿನಿಂದಲೇ ತಿರುಗಿಸಿ ಇಳಿಸಿ. ಥ್ರೆಡ್ ಓರೆಯಾಗಿ ಕೂತರೆ ಪೈಪು ಜಾರಿ ತಿರುಗುತ್ತದೆ, ಹೆಡ್ ಉಳಿಯುತ್ತದೆ. ಕೈಯಲ್ಲಿ ಪೂರ್ತಿ ಇಳಿದ ಮೇಲಷ್ಟೇ ಟಾರ್ಕ್ ರೆಂಚ್. ಅಲ್ಯೂಮಿನಿಯಂ ಹೆಡ್, ವಾಷರ್ ಇರುವ ಪ್ಲಗ್‌ಗೆ ಎನ್‌ಜಿಕೆ ಕೊಡುವ ಸಾಮಾನ್ಯ ಅಳತೆ: 14 ಮಿ.ಮೀ.ಗೆ 25–30 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15–20, 10 ಮಿ.ಮೀ.ಗೆ 10–12. ಕಾರಿನ ಮ್ಯಾನುಯಲ್ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ. ಮ್ಯಾನುಯಲ್‌ನಲ್ಲಿ ಕೆಜಿಎಫ್ ಮೀಟರ್ ಎಂದಿದ್ದರೆ 9.8ರಿಂದ ಗುಣಿಸಿ.

ಬಿಗಿ ಕಡಿಮೆಯಾದರೆ ಪ್ಲಗ್‌ನ ಬಿಸಿ ಹೆಡ್‌ಗೆ ದಾಟುವುದಿಲ್ಲ, ಸರಿಯಾದ ಹೀಟ್ ರೇಂಜ್‌ನ ಪ್ಲಗ್ಗೂ ವಿಪರೀತ ಕಾಯುತ್ತದೆ. ಹೆಚ್ಚಾದರೆ ತೆಳ್ಳನೆಯ 12 ಮಿ.ಮೀ. ಕವಚ ಹಿಗ್ಗುತ್ತದೆ, ಅಥವಾ ಹೆಡ್‌ನ ಥ್ರೆಡ್ ಹೋಗುತ್ತದೆ. ಆಮೇಲೆ ಹೆಲಿಕಾಯಿಲ್ (ಹೋದ ಥ್ರೆಡ್ ಬದಲಿಗೆ ಕೂರಿಸುವ ತಂತಿಯ ಸುರುಳಿ) ಹಾಕಿಸುವ ಕೆಲಸ. ಪ್ಲಗ್ ಹಿಡಿದುಕೊಳ್ಳದಿರಲೆಂದು ಥ್ರೆಡ್‌ಗೆ ಆಂಟಿ-ಸೀಜ್ ಗ್ರೀಸ್ ಹಚ್ಚುವ ಅಭ್ಯಾಸ ಅನೇಕರಿಗಿದೆ. ಲೇಪನವಿರುವ ಹೊಸ ಪ್ಲಗ್‌ಗಳಿಗೆ ಅದು ಬೇಡವೆಂದು ಎನ್‌ಜಿಕೆಯೇ ಹೇಳುತ್ತದೆ: ಗ್ರೀಸ್‌ನಿಂದ ಘರ್ಷಣೆ ಇಳಿದು, ರೆಂಚ್ ಸರಿಯಾದ ಅಂಕಿ ತೋರಿಸುವಾಗಲೇ ಪ್ಲಗ್ ಮಿತಿಮೀರಿ ಬಿಗಿದಿರುತ್ತದೆ. ಡೈಎಲೆಕ್ಟ್ರಿಕ್ ಗ್ರೀಸನ್ನು ಕಾಯಿಲ್‌ನ ರಬ್ಬರ್ ಬೂಟ್‌ನ ಒಳಬಾಯಿಗೆ ತೆಳುವಾಗಿ ಹಚ್ಚಿದರೆ ಸಾಕು. ಕರಾವಳಿಯ ತೇವದಲ್ಲಿ ಓಡುವ ಕಾರುಗಳಿಗೆ ಇದು ಅಗತ್ಯವೇ.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿ. ಬಿಚ್ಚಿದ ಗಾಳಿ ಪೈಪುಗಳ ಕ್ಲಾಂಪ್ ಬಿಗಿಯಾಗಿವೆಯೇ ನೋಡಿ. ಒಂದು ಸಡಿಲವಾಗಿದ್ದರೂ ಬೂಸ್ಟ್ ಸೋರಿ ‘ಪ್ಲಗ್ ಹಾಕಿದ ಮೇಲೆ ಪಿಕಪ್ ಹೋಯ್ತು’ ಎನಿಸುತ್ತದೆ. ಇಂಜಿನ್ ನಡುಗಿದರೆ ಮೊದಲು ಕನೆಕ್ಟರ್‌ಗಳು ‘ಟಕ್’ ಎಂದು ಕೂತಿವೆಯೇ ಪರೀಕ್ಷಿಸಿ. ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೆ ಓಡಿಸಬೇಡಿ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಿ ಮಾಡುವ ಭಾಗ) ಅನ್ನು ಸುಡುತ್ತದೆ. ಕೋಡ್ ಪಿ0302 ಎಂದು ಬಂದರೆ ಎರಡನೆಯ ಮತ್ತು ಒಂದನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ ಓಡಿಸಿ. ಈಗ ಪಿ0301 ಬಂದರೆ ದೋಷ ಕಾಯಿಲ್‌ನದು. ಪಿ0302 ಆಗಿಯೇ ಉಳಿದರೆ ಪ್ಲಗ್, ವೈರಿಂಗ್ ಅಥವಾ ಇಂಜೆಕ್ಟರ್ ಕಡೆ ನೋಡಿ.

ಹಳೆಯ ಪ್ಲಗ್ ನೋಡಿ ಮುಂದಿನದನ್ನು ನಿರ್ಧರಿಸಿ

ತೆಗೆದ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣದ್ದಾಗಿದ್ದರೆ ಎಲ್ಲ ಸರಿಯಿದೆ, ಅದೇ ಸಂಖ್ಯೆಯ ಪ್ಲಗ್ ಮತ್ತೆ ಹಾಕಿ. ಲೋಹದ ಕವಚಕ್ಕೆ ಹತ್ತಿರ, ಹೊರಗಿನ ಬಿಳಿ ಪಿಂಗಾಣಿಯ ಮೇಲೆ ಕಂದು ಉಂಗುರ ಕಂಡರೆ ಗಾಬರಿ ಬೇಡ. ಅಧಿಕ ವೋಲ್ಟೇಜ್‌ಗೆ ಗಾಳಿಯಲ್ಲಿನ ಎಣ್ಣೆಯ ಕಣಗಳು ಅಂಟಿ ಆಗುವ ಕಲೆ ಅದು, ಸೋರಿಕೆಯಲ್ಲ.

ಒಣ ಕಪ್ಪು ಮಸಿ ಎಲ್ಲದರಲ್ಲೂ ಇದ್ದರೆ ಎರಡು ಮೂರು ಕಿ.ಮೀ.ಯ ಸಣ್ಣ ಓಡಾಟವೇ ಕಾರಣವಿರಬಹುದು. ಆ ಕಾರಿಗೆ ತಣ್ಣನೆಯ ಪ್ಲಗ್ ಖಂಡಿತ ಬೇಡ, ಸೂಜಿ ತುದಿಯ ಇರಿಡಿಯಂ ಒಳ್ಳೆಯದು. ವಾರಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ. ತುದಿ ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ಪ್ಲಗ್ ಅತಿಯಾಗಿ ಕಾದಿದೆ. ಹಿಂದಿನವರು ತಪ್ಪು ಹೀಟ್ ರೇಂಜ್ ಹಾಕಿರಬಹುದು, ಸಡಿಲ ಬಿಗಿದಿರಬಹುದು, ಅಥವಾ ಇಂಧನ ಕಡಿಮೆ ಬರುತ್ತಿರಬಹುದು. ಸಂಖ್ಯೆ ಸರಿಯಿದ್ದೂ ಹೀಗಾಗಿದ್ದರೆ ಹೊಸ ಪ್ಲಗ್ ಹಾಕುವ ಮೊದಲು ಕಾರಣ ಹುಡುಕಿಸಿ.

ಎಣ್ಣೆ ಎಲ್ಲಿದೆ ಎಂಬುದನ್ನೂ ಗಮನಿಸಿ. ಬಾವಿಯಲ್ಲಿ, ಅಂದರೆ ಪ್ಲಗ್‌ನ ಮೇಲ್ಭಾಗದಲ್ಲಿ ಎಣ್ಣೆ ಇದ್ದರೆ ವಾಲ್ವ್ ಕವರ್‌ನ ಸೀಲ್ ಹೋಗಿದೆ. ಅದನ್ನು ಬದಲಿಸದೆ ಕಾಯಿಲ್ ಕೂರಿಸಿದರೆ ರಬ್ಬರ್ ಬೂಟ್ ಊದಿ ಕೆಡುತ್ತದೆ. ತುದಿಯಲ್ಲೇ ಹಸಿ ಎಣ್ಣೆ ಇದ್ದರೆ ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊದ ಸೀಲ್ ಪರೀಕ್ಷೆ ಆಗಬೇಕು. ಆ ಇಂಜಿನ್‌ಗೆ ಈಗ ಲೇಸರ್ ಇರಿಡಿಯಂ ಹಾಕುವುದು ದುಡ್ಡು ದಂಡ. ನಿಕ್ಕಲ್‌ನಲ್ಲಿ ಅದೇ ಉದ್ದ, ಅದೇ ಹೀಟ್ ರೇಂಜ್‌ನದು ಸಿಕ್ಕರೆ ಹಾಕಿ, ಸಿಗದಿದ್ದರೆ ಒಂದೇ ತುದಿಯ ಇರಿಡಿಯಂ ಹಾಕಿ, ಎಣ್ಣೆ ಸೋರಿಕೆಯ ಕೆಲಸ ಮೊದಲು ಮಾಡಿಸಿ. ಅದು ಮುಗಿದು ಒಂದೆರಡು ಸಾವಿರ ಕಿ.ಮೀ. ಓಡಿದ ಮೇಲೆ ಒಂದು ಪ್ಲಗ್ ಬಿಚ್ಚಿ ನೋಡಿ, ತುದಿ ಒಣಗಿದ್ದರೆ ಆಗ ಕಂಪನಿ ಹೇಳಿದ ಪ್ಲಗ್ ಸೆಟ್ಟು ಕೊಳ್ಳಿ.